ಟಿಬಿ ಪತ್ತೆಯಾಗಿಯೂ ಚಿಕಿತ್ಸೆ ಶುರುವಾಗದವರು ಎಷ್ಟು, ಏಕೆ? ತಾಲ್ಲೂಕು ಮಟ್ಟದಲ್ಲಿ ಆಪರೇಷನಲ್ ರಿಸರ್ಚ್ ಮಾಡುವ ಕ್ರಮ

ಆಪರೇಷನಲ್ ರಿಸರ್ಚ್‌ನಲ್ಲಿ ಹೊಸ ಔಷಧ ಕಂಡುಹಿಡಿಯುವ ಮಾತಿಲ್ಲ. ನಡೆಯುತ್ತಿರುವ ಕಾರ್ಯಕ್ರಮ ಎಲ್ಲಿ ಸೋರುತ್ತಿದೆ, ಏಕೆ ಸೋರುತ್ತಿದೆ, ಏನು ಬದಲಿಸಿದರೆ ಸೋರಿಕೆ ಕಡಿಮೆಯಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಅದೇ ಕಾರ್ಯಕ್ರಮದ ದಾಖಲೆಗಳಿಂದ ಹುಡುಕುವ ಕೆಲಸ ಅದು. ಕಚೇರಿಗಳಲ್ಲಿ ಅದನ್ನು ಓಆರ್ ಎಂದು ಕರೆಯುತ್ತಾರೆ.

ಓಆರ್ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪ್ರಶ್ನೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಅಷ್ಟರಲ್ಲಿ ಅರವತ್ತು ಪ್ರಶ್ನೆಗಳ ಗೂಗಲ್ ಫಾರ್ಮ್ ಸಿದ್ಧವಾಗಿರುತ್ತದೆ. ಮೂರು ತಿಂಗಳು ಆಶಾ ಕಾರ್ಯಕರ್ತೆಯರನ್ನು ಓಡಾಡಿಸಿ ಮಾಹಿತಿ ತುಂಬಿಸಿದ ಮೇಲೆ ಎಕ್ಸೆಲ್ ಶೀಟ್ ಹಿಡಿದುಕೊಂಡು "ಇದರಲ್ಲಿ ಏನು ತೋರಿಸಬಹುದು ಸಾರ್" ಎಂದು ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಹೋಗುತ್ತಾರೆ. ಅಷ್ಟು ಹೊತ್ತಿಗೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಫಾರ್ಮ್ ಬರುವುದು ಆರನೇ ಹಂತದಲ್ಲಿ. ಅದಕ್ಕೂ ಮೊದಲು ಬರೆಯಬೇಕಾದ್ದು ಬಹಳ ಇದೆ.

ಉದಾಹರಣೆಗೆ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಒಂದು ತೊಂದರೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ: ಕಫ ಪರೀಕ್ಷೆಯಲ್ಲಿ ಟಿಬಿ ಪತ್ತೆಯಾಗಿದೆ, ಆದರೆ ಆ ವ್ಯಕ್ತಿ ಮಾತ್ರೆ ಶುರುಮಾಡಿದ ದಾಖಲೆ ಎಲ್ಲೂ ಇಲ್ಲ. ತಾಯಿ ಆರೋಗ್ಯ, ಲಸಿಕೆ, ಬಿಪಿ-ಶುಗರ್ ಕಾರ್ಯಕ್ರಮಗಳಿಗೂ ಇದೇ ಕ್ರಮ ನಡೆಯುತ್ತದೆ. ರಿಜಿಸ್ಟರುಗಳ ಹೆಸರು ಮಾತ್ರ ಬದಲಾಗುತ್ತದೆ.

## ಶುರುಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಜನ: ಪ್ರಶ್ನೆಯ ಹೊಣೆ ಹೊರುವ ಒಬ್ಬರು, ರಿಜಿಸ್ಟರ್ ಬಲ್ಲ ಒಬ್ಬರು, ಲೆಕ್ಕ ಬಲ್ಲ ಒಬ್ಬರು. ಎರಡನೆಯವರು ಸಾಮಾನ್ಯವಾಗಿ ಎಸ್‌ಟಿಎಸ್, ಅಂದರೆ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು, ಅಥವಾ ಲ್ಯಾಬ್ ಕಡೆಯ ಎಸ್‌ಟಿಎಲ್‌ಎಸ್. ಇವರನ್ನು ಮಾಹಿತಿ ತಂದುಕೊಡುವವರು ಎಂದಷ್ಟೇ ನೋಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ರಿಜಿಸ್ಟರಿನ ಯಾವ ಕಾಲಮ್ ನಂಬಬಹುದು, ಯಾವುದನ್ನು ತಿಂಗಳ ಕೊನೆಯ ದಿನ ಕೂತು ತುಂಬುತ್ತಾರೆ ಎಂಬುದು ಅವರಿಗೆ ಮಾತ್ರ ಗೊತ್ತು.

ಸಲಕರಣೆ: ಒಂದು ಲ್ಯಾಪ್‌ಟಾಪ್, ಪಾಸ್‌ವರ್ಡ್ ಇರುವ ಒಂದು ಫೋಲ್ಡರ್, ಮಾಹಿತಿ ನಮೂದಿಸಲು ಎಪಿಡೇಟಾ ಅಥವಾ ಎಪಿ ಇನ್ಫೋ. ಎರಡೂ ಉಚಿತ. ಸ್ಯಾಂಪಲ್ ಲೆಕ್ಕಕ್ಕೆ ಓಪನ್‌ಎಪಿ ಸಾಕು. ದುಬಾರಿ ಸಾಫ್ಟ್‌ವೇರಿನ ಅಗತ್ಯ ಇಲ್ಲಿ ಬರುವುದಿಲ್ಲ.

ಸಮಯ: ಒಂಬತ್ತರಿಂದ ಹನ್ನೆರಡು ತಿಂಗಳು. ಪ್ರಶ್ನೆ ಮತ್ತು ಪ್ರೋಟೊಕಾಲ್‌ಗೆ ಒಂದೂವರೆ ತಿಂಗಳು, ಅನುಮತಿಗಳಿಗೆ ಎರಡರಿಂದ ಮೂರು, ಮಾಹಿತಿ ಸಂಗ್ರಹಕ್ಕೆ ಎರಡು, ವಿಶ್ಲೇಷಣೆಗೆ ಒಂದು. ಉಳಿದದ್ದು ಸಂದರ್ಶನ, ಬರವಣಿಗೆಗೆ. ಕೊನೆಯ ಹಂತದ ಮರು ಅಳತೆಯ ಕಾಲ ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿರುವ ಉಷ್ಣವಲಯ ರೋಗಗಳ ಸಂಶೋಧನಾ ಕಾರ್ಯಕ್ರಮ ಟಿಡಿಆರ್ ಸಮನ್ವಯದ, ಓಆರ್ ಕಲಿಸುವ ಸಾರ್ಟ್ ಐಟಿ ತರಬೇತಿಯಲ್ಲಿ ಪ್ರತಿ ಹಂತಕ್ಕೂ ಗಡುವಿದೆ, ಗಡುವು ತಪ್ಪಿಸಿದವರು ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಕಟ್ಟುನಿಟ್ಟು ಅನ್ನಿಸಬಹುದು. ಆದರೆ ಗಡುವಿಲ್ಲದ ಓಆರ್ ವರ್ಗಾವಣೆಯ ಕಾಲ ಬಂದ ಕೂಡಲೇ ಕಪಾಟು ಸೇರುತ್ತದೆ.

## ಹಂತ 1: ಪ್ರಶ್ನೆ ಬರೆಯುವ ಮೊದಲು, ಉತ್ತರ ಯಾರ ಮೇಜಿಗೆ ಹೋಗಬೇಕೆಂದು ಬರೆಯಿರಿ

ಒಂದು ಬಿಳಿ ಹಾಳೆಯ ಮೇಲೆ ಹುದ್ದೆಯ ಹೆಸರು ಬರೆಯಿರಿ: ಜಿಲ್ಲಾ ಕ್ಷಯರೋಗ ಅಧಿಕಾರಿ, ತಾಲ್ಲೂಕು ಆರೋಗ್ಯಾಧಿಕಾರಿ, ಮೆಡಿಕಲ್ ಕಾಲೇಜಿನ ಟಿಬಿ ನೋಡಲ್ ಅಧಿಕಾರಿ. ಅದರ ಕೆಳಗೆ, ಅವರು ತಮ್ಮ ಸಹಿಯಿಂದಲೇ ಏನನ್ನು ಬದಲಿಸಬಲ್ಲರು ಎಂದು ಬರೆಯಿರಿ. ಬೆಂಗಳೂರಿನ ಅಥವಾ ದೆಹಲಿಯ ಒಪ್ಪಿಗೆ ಬೇಕಾದ ಸಂಗತಿ ಈ ಪಟ್ಟಿಗೆ ಸೇರಬಾರದು.

ಆಮೇಲೆ ಪ್ರಶ್ನೆ. "ನಮ್ಮ ಜಿಲ್ಲೆಯಲ್ಲಿ ಟಿಬಿ ಬಗ್ಗೆ ಜನರ ತಿಳಿವಳಿಕೆ ಮತ್ತು ಮನೋಭಾವ" ಎಂಬುದು ಪ್ರಶ್ನೆಯಾಗುವುದಿಲ್ಲ, ಅದು ವಿಷಯ. ಉತ್ತರ ಏನೇ ಬಂದರೂ ಕೊನೆಗೆ "ಅರಿವು ಮೂಡಿಸಬೇಕು" ಎಂದು ಬರೆದು ಮುಗಿಸಬೇಕಾಗುತ್ತದೆ. ಅದನ್ನೇ ಹೀಗೆ ತಿರುಗಿಸಿ: "ಕಳೆದ ಜನವರಿಯಿಂದ ಜೂನ್‌ವರೆಗೆ ನಮ್ಮ ತಾಲ್ಲೂಕಿನ ಲ್ಯಾಬ್‌ಗಳಲ್ಲಿ ಟಿಬಿ ಪತ್ತೆಯಾದವರಲ್ಲಿ 30 ದಿನದೊಳಗೆ ಚಿಕಿತ್ಸೆ ಶುರುವಾಗದವರು ಶೇಕಡಾ ಎಷ್ಟು? ಅವರು ಯಾವ ಲ್ಯಾಬ್‌ನಲ್ಲಿ ಪತ್ತೆಯಾದವರು, ಎಲ್ಲಿಯವರು?" ಇದಕ್ಕೆ ಸಿಗುವ ಉತ್ತರದಿಂದ ಮರುದಿನವೇ ಏನಾದರೂ ಮಾಡಬಹುದು.

ಪ್ರಶ್ನೆ ಎಂಥದ್ದಿರಬೇಕು ಎಂಬುದಕ್ಕೆ ಮಾದರಿ ನಮ್ಮಲ್ಲೇ ಇದೆ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ಕೇಳಿದ್ದು ಸರಳ ಪ್ರಶ್ನೆ: ಶ್ವಾಸಕೋಶದ ಕ್ಷಯ ಇರುವವರು ತಮ್ಮ ಕೆಮ್ಮಿಗಾಗಿ ಏನು ಮಾಡಿದ್ದಾರೆ? ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆ ಹುಡುಕಿಕೊಂಡು ಹೋಗಿದ್ದರು, ಅಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಪಡೆದು ವಾಪಸಾಗಿದ್ದರು. ರೋಗಿಗಳನ್ನು ಹುಡುಕಿಕೊಂಡು ಊರೂರು ಸುತ್ತುವುದಕ್ಕಿಂತ ಬಾಗಿಲಿಗೆ ಬಂದವರ ಕಫ ಪರೀಕ್ಷೆ ಮಾಡುವುದು ಮೊದಲು ಎಂಬ ಜಿಲ್ಲಾ ಕ್ಷಯರೋಗ ಕಾರ್ಯಕ್ರಮದ ಧೋರಣೆಗೆ ಇದು ಬಲ ಕೊಟ್ಟಿತು.

ಅಪಾಯದ ಗುರುತು: ಪ್ರಶ್ನೆಯಲ್ಲಿ "ಮತ್ತು" ಎರಡಕ್ಕಿಂತ ಹೆಚ್ಚು ಸಲ ಬಂದರೆ ಅದು ಮೂರು ಅಧ್ಯಯನ. ಒಂದನ್ನು ಉಳಿಸಿಕೊಳ್ಳಿ.

## ಹಂತ 2: ಛೇದದಲ್ಲಿ ಯಾರಿದ್ದಾರೆ ಎಂದು ತೀರ್ಮಾನಿಸಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು; ಎಲ್ಲರೂ ಹಾರಿಸಿಕೊಂಡು ಹೋಗುವುದೂ ಇದನ್ನೇ. ಶೇಕಡಾವಾರಿನ ಮೇಲಿನ ಅಂಕಿ ಬಗ್ಗೆ ಎಲ್ಲರೂ ತಲೆಕೆಡಿಸಿಕೊಳ್ಳುತ್ತಾರೆ, ಕೆಳಗಿನ ಅಂಕಿಯನ್ನು, ಅಂದರೆ ಛೇದವನ್ನು, ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್ ಪೋರ್ಟಲ್‌ನಿಂದ ಇಳಿಸಿಕೊಂಡು ಸುಮ್ಮನಾಗುತ್ತಾರೆ. ನಿಕ್ಷಯ್‌ನಲ್ಲಿ ಇರುವವರು ಯಾರೋ ಒಬ್ಬರು ನಮೂದಿಸಿದವರು. ಲ್ಯಾಬ್‌ನಲ್ಲಿ ಪಾಸಿಟಿವ್ ಬಂದು, ನಮೂದೇ ಆಗದೆ ಬಿಟ್ಟುಹೋದ ವ್ಯಕ್ತಿ ನಿಮ್ಮ ಅಧ್ಯಯನಕ್ಕೆ ಮುಖ್ಯವಾದವರು, ಅವರು ಅಲ್ಲಿ ಇಲ್ಲ. ಆದ್ದರಿಂದ ಛೇದ ಲ್ಯಾಬ್ ರಿಜಿಸ್ಟರಿನಿಂದಲೇ ಹುಟ್ಟಬೇಕು. ಕಫದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ನ್ಯಾಟ್ ಯಂತ್ರವಿದ್ದರೆ ಯಂತ್ರದಲ್ಲೇ ಉಳಿದಿರುವ ಫಲಿತಾಂಶಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಲ್ಯಾಬ್ ರಿಜಿಸ್ಟರಿನ ಪ್ರತಿಯೊಂದು ಪಾಸಿಟಿವ್ ಸಾಲೂ ಒಬ್ಬ ಹೊಸ ರೋಗಿಯಲ್ಲ. ಪರೀಕ್ಷೆ ಯಾವ ಕಾರಣಕ್ಕೆ ಎಂಬ ಕಾಲಮ್ ನೋಡಿ: ರೋಗ ಪತ್ತೆಗೋ, ಚಿಕಿತ್ಸೆಯ ನಡುವಿನ ಫಾಲೋ-ಅಪ್‌ಗೋ. ಫಾಲೋ-ಅಪ್ ಪಾಸಿಟಿವ್‌ಗಳನ್ನು ಸೇರಿಸಿಕೊಂಡರೆ ಆಗಲೇ ಮಾತ್ರೆ ನುಂಗುತ್ತಿರುವವರು "ಚಿಕಿತ್ಸೆ ಶುರುವಾಗದವರು" ಎಂದು ಎಣಿಕೆಯಾಗುತ್ತಾರೆ. ಒಬ್ಬರದೇ ಎರಡು ಮಾದರಿ ಎರಡು ಸಾಲಿನಲ್ಲಿರಬಹುದು. ಒಬ್ಬರೇ ಪಿಎಚ್‌ಸಿಯಲ್ಲೂ ಜಿಲ್ಲಾಸ್ಪತ್ರೆಯಲ್ಲೂ ಪರೀಕ್ಷೆ ಮಾಡಿಸಿಕೊಂಡಿರಬಹುದು.

ಇನ್ನು ಹೊರಗಿನವರು. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನವರು ಬರುತ್ತಾರೆ, ಬಳ್ಳಾರಿಗೆ ಅನಂತಪುರ ಕಡೆಯವರು. ಅವರನ್ನು ಛೇದದಿಂದ ತೆಗೆಯಬೇಕೆ? ತೆಗೆಯಬೇಡಿ ಎಂಬುದು ನಮ್ಮ ಸಲಹೆ. ರೋಗ ಪತ್ತೆ ಮಾಡಿದ ಆಸ್ಪತ್ರೆಗೆ ಹೊಣೆ ಇದ್ದೇ ಇದೆ. "ಜಿಲ್ಲೆಯೊಳಗೆ", "ಬೇರೆ ಜಿಲ್ಲೆ", "ಬೇರೆ ರಾಜ್ಯ" ಎಂದು ಪ್ರತ್ಯೇಕ ಸಾಲು ಮಾಡಿ ಇಟ್ಟುಕೊಳ್ಳಿ. ಹೊರಗಿನವರನ್ನು ತೆಗೆದುಹಾಕಿದ ವರದಿಯಲ್ಲಿ ಸೋರಿಕೆ ತಾನಾಗಿಯೇ ಕಡಿಮೆ ಕಾಣುತ್ತದೆ, ಮತ್ತು ಅದರಿಂದ ಯಾರಿಗೂ ಉಪಯೋಗವಿಲ್ಲ.

ಚಿಕಿತ್ಸೆಗೆ ಮೊದಲೇ ತೀರಿಕೊಂಡವರನ್ನು ಪ್ರತ್ಯೇಕವಾಗಿ ಬರೆಯಿರಿ, ಆದರೆ ಒಟ್ಟು ಲೆಕ್ಕದಿಂದ ಕೈಬಿಡಬೇಡಿ. ಖಾಸಗಿ ವೈದ್ಯರ ಹತ್ತಿರ ಚಿಕಿತ್ಸೆ ಶುರುಮಾಡಿದವರು ಸೋರಿಹೋದವರಲ್ಲ; ಆದರೆ ಅದಕ್ಕೆ ದಾಖಲೆ ಸಿಗಬೇಕು, "ಪ್ರೈವೇಟ್‌ಗೆ ಹೋಗಿರಬೇಕು" ಎಂಬ ಬಾಯಿಮಾತು ಸಾಲದು.

ಅವಧಿಯಲ್ಲೂ ಒಂದು ಸಿಕ್ಕಿದೆ. ಜೂನ್ 28ಕ್ಕೆ ಪತ್ತೆಯಾದವರನ್ನು ಜೂನ್ 30ಕ್ಕೆ ನೋಡಿ "ಚಿಕಿತ್ಸೆ ಇಲ್ಲ" ಎಂದು ಗುರುತಿಸಿದರೆ ಅದು ಅನ್ಯಾಯ. 30 ದಿನದ ವ್ಯಾಖ್ಯೆ ಇಟ್ಟುಕೊಂಡರೆ ಜೂನ್ ಕೊನೆಯವರೆಗಿನ ರೋಗಿಗಳ ಸ್ಥಿತಿಯನ್ನು ಜುಲೈ 30ರ ನಂತರವೇ ನೋಡಬೇಕು, ದಾಖಲೆ ತಡವಾಗಿ ಏರುವುದರಿಂದ ಇನ್ನೊಂದು ತಿಂಗಳು ಬಿಟ್ಟು ನೋಡುವುದು ಒಳ್ಳೆಯದು. ಎಲ್ಲ ರೋಗಿಗಳಿಗೂ ಸಮಾನ ಕಾಲಾವಕಾಶ ಸಿಗಬೇಕು.

ಈ ತೀರ್ಮಾನಗಳನ್ನೆಲ್ಲ ಒಂದು ಪುಟದಲ್ಲಿ ಬರೆದು ತಂಡದವರೆಲ್ಲ ಸಹಿ ಮಾಡಿ. ವಿಶ್ಲೇಷಣೆಯ ಹೊತ್ತಿಗೆ ಅಂಕಿ ಮುಜುಗರ ತಂದಾಗ ವ್ಯಾಖ್ಯೆಯನ್ನು ಸ್ವಲ್ಪ ಸಡಿಲಿಸೋಣ ಎಂಬ ಮಾತು ಬಂದೇ ಬರುತ್ತದೆ.

## ಹಂತ 3: ಖಾಲಿ ಕೋಷ್ಟಕ ಎಳೆಯಿರಿ

ವರದಿಯಲ್ಲಿ ಕೊನೆಗೆ ಬರಬೇಕಾದ ಕೋಷ್ಟಕಗಳನ್ನು ಈಗಲೇ, ಅಂಕಿಗಳಿಲ್ಲದೆ, ಕೈಯಲ್ಲೇ ಎಳೆಯಿರಿ. ಮೂರು ಸಾಕು.

ಮೊದಲನೆಯದು ಜರಡಿ: ಲ್ಯಾಬ್‌ನಲ್ಲಿ ಪಾಸಿಟಿವ್ ಸಾಲುಗಳು ಎಷ್ಟು, ಫಾಲೋ-ಅಪ್ ಮತ್ತು ಪುನರಾವರ್ತನೆ ತೆಗೆದ ಮೇಲೆ ವ್ಯಕ್ತಿಗಳು ಎಷ್ಟು, ನಿಕ್ಷಯ್‌ನಲ್ಲಿ ಸಿಕ್ಕವರು ಎಷ್ಟು, ಚಿಕಿತ್ಸೆ ಶುರುವಾದವರು ಎಷ್ಟು. ಎರಡನೆಯದರಲ್ಲಿ ಚಿಕಿತ್ಸೆ ಶುರುವಾಗದವರು ವಯಸ್ಸು, ಲಿಂಗ, ಪತ್ತೆಯಾದ ಲ್ಯಾಬ್, ವಾಸಸ್ಥಳ, ಫೋನ್ ನಂಬರ್ ಇದ್ದದ್ದು-ಇಲ್ಲದ್ದು, ಹೊಸ ರೋಗಿಯೋ ಹಿಂದೆ ಚಿಕಿತ್ಸೆ ಪಡೆದವರೋ ಎಂಬುದರ ಪ್ರಕಾರ. ಮೂರನೆಯದು ಶುರುವಾದವರಿಗೆ ಎಷ್ಟು ದಿನ ಹಿಡಿಯಿತು ಎಂಬುದು.

ಈಗ ನಿಮ್ಮ ತಲೆಯಲ್ಲಿರುವ ಪ್ರಶ್ನಾವಳಿಯನ್ನು ಈ ಕೋಷ್ಟಕಗಳ ಜೊತೆ ಹೋಲಿಸಿ. ಯಾವ ಕೋಷ್ಟಕದಲ್ಲೂ ಬಾರದ ಪ್ರಶ್ನೆಯನ್ನು ಹೊಡೆದುಹಾಕಿ. ಧರ್ಮ, ಮನೆಯ ಚಾವಣಿಯ ಬಗೆ, ಕುಟುಂಬದ ಆದಾಯ ಇವೆಲ್ಲ ಅಭ್ಯಾಸಬಲದಿಂದ ಸೇರಿಕೊಂಡಿರುತ್ತವೆ. ಅರವತ್ತು ಪ್ರಶ್ನೆಗಳಲ್ಲಿ ಹದಿನೈದು ಉಳಿದರೆ ಕೆಲಸ ಸರಿಯಾಗಿದೆ ಎಂದರ್ಥ. ಕೋಷ್ಟಕವನ್ನು ಹಂತ 1ರಲ್ಲಿ ಹೆಸರಿಸಿದ ಅಧಿಕಾರಿಗೆ ತೋರಿಸಿ, "ಕೋಷ್ಟಕದ ಈ ಮನೆಯಲ್ಲಿ ದೊಡ್ಡ ಅಂಕಿ ಬಂದರೆ ನೀವು ಏನು ಮಾಡುತ್ತೀರಿ" ಎಂದು ಕೇಳಿ. ಏನೂ ಹೇಳಲಾಗದಿದ್ದರೆ ಆ ಸಾಲೂ ಬೇಡ.

## ಹಂತ 4: ವಿನ್ಯಾಸ ಮತ್ತು ಎಷ್ಟು ಜನ

ನಮ್ಮ ಪ್ರಶ್ನೆಗೆ ದಾಖಲೆ ಆಧಾರಿತ ಕೋಹಾರ್ಟ್ ಅಧ್ಯಯನ ಸಾಕು: ಪತ್ತೆಯಾದವರ ಪಟ್ಟಿ ಹಿಡಿದು ಮುಂದೇನಾಯಿತೆಂದು ನೋಡುವುದು. ಚೀಟಿ ಎತ್ತಿ ಗುಂಪು ಮಾಡುವ ಪ್ರಯೋಗಕ್ಕೆ ಕೈ ಹಾಕಬೇಡಿ.

ತಾಲ್ಲೂಕಿನಲ್ಲಿ ಆರು ತಿಂಗಳಿಗೆ 150-300 ರೋಗಿಗಳಿದ್ದರೆ ಸ್ಯಾಂಪಲ್ ಗೊಡವೆಯೇ ಬೇಡ, ಎಲ್ಲರನ್ನೂ ತೆಗೆದುಕೊಳ್ಳಿ. ಇಡೀ ಜಿಲ್ಲೆಯಾದರೆ ಲೆಕ್ಕ ಹೀಗೆ: 3.84 × ಅಂದಾಜು ಪ್ರಮಾಣ × (1 − ಅಂದಾಜು ಪ್ರಮಾಣ) ÷ (ಸಹಿಸಬಹುದಾದ ವ್ಯತ್ಯಾಸ × ಅದೇ ವ್ಯತ್ಯಾಸ). ಇಲ್ಲಿ 3.84 ಎಂಬುದು ಶೇ. 95 ವಿಶ್ವಾಸಕ್ಕೆ ಹಾಕುವ ಸ್ಥಿರ ಅಂಕಿ. ಚಿಕಿತ್ಸೆ ಶುರುವಾಗದವರು ಶೇ. 15 ಇರಬಹುದೆಂದು ಊಹಿಸಿ, 5 ಅಂಶ ಆಚೀಚೆಯಾದರೂ ಸರಿ ಎಂದರೆ 3.84 × 0.15 × 0.85 ÷ 0.0025, ಅಂದರೆ 196. ವ್ಯತ್ಯಾಸ 3 ಅಂಶಕ್ಕೆ ಇಳಿಸಿದರೆ ಸುಮಾರು 545 ಆಗುತ್ತದೆ. ಎಷ್ಟು ನಿಖರತೆ ಬೇಕೋ ಅಷ್ಟು ದುಡಿಮೆ. ಒಟ್ಟು ರೋಗಿಗಳೇ 600 ಇದ್ದರೆ ಆ 196 ಕೂಡ 148ಕ್ಕೆ ಇಳಿಯುತ್ತದೆ. 196 ಅನ್ನು (1 + 195 ÷ 600) ಇಂದ ಭಾಗಿಸಿದರೆ ಸಿಗುವ ಅಂಕಿ ಅದು.

ಎಲ್ಲ ಅಧ್ಯಯನಕ್ಕೂ 384 ಎಂದು ಬರೆಯುವ ರೂಢಿ ಬಿಡಿ. ಅದು ಪ್ರಮಾಣ ಶೇ. 50 ಎಂದು ಊಹಿಸಿ, 5 ಅಂಶದ ವ್ಯತ್ಯಾಸಕ್ಕೆ ಬರುವ ಸಂಖ್ಯೆ, ಅಷ್ಟೇ.

## ಹಂತ 5: ಎರಡು ಅನುಮತಿ, ಒಂದಲ್ಲ

ಇಲಾಖೆಯ ಆಡಳಿತಾತ್ಮಕ ಅನುಮತಿ ಬೇರೆ, ನೈತಿಕ ಸಮಿತಿಯ ಅನುಮತಿ ಬೇರೆ. ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ, ಸಹಿ ಮಾಡಿದ ಪತ್ರ ಎರಡನೆಯದರ ಜಾಗ ತುಂಬುವುದಿಲ್ಲ. ಹತ್ತಿರದ ಮೆಡಿಕಲ್ ಕಾಲೇಜಿನ ಸಮಿತಿಗೆ ಅರ್ಜಿ ಹಾಕುವುದು ಸುಲಭದ ದಾರಿ. ಆ ಸಮಿತಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ನೋಡಿಕೊಳ್ಳಿ. 2019ರ ನಿಯಮಗಳ ನಂತರ ಅದು ಕಡ್ಡಾಯ.

ಹಳೆಯ ದಾಖಲೆ ಮಾತ್ರ ನೋಡುವ ಅಧ್ಯಯನಕ್ಕೆ ರೋಗಿಯ ಒಪ್ಪಿಗೆ ಪತ್ರದಿಂದ ವಿನಾಯಿತಿ ಕೇಳಬಹುದು, ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ವಿನಾಯಿತಿ ಕೊಡುವುದು ಸಮಿತಿ. "ನಮ್ಮದು ಬರೀ ರೆಕಾರ್ಡ್ ಸ್ಟಡಿ, ಎಥಿಕ್ಸ್ ಬೇಡ" ಎಂದು ನೀವೇ ತೀರ್ಪು ಕೊಟ್ಟುಕೊಂಡು ಕೆಲಸ ಮುಗಿಸಿದರೆ ಆಮೇಲೆ ಯಾವ ಪತ್ರಿಕೆಯೂ ಅದನ್ನು ಮುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಹಿಂದಿನ ದಿನಾಂಕಕ್ಕೆ ಅನುಮತಿ ಸಿಗುವುದಿಲ್ಲ.

ಅರ್ಜಿಯಲ್ಲಿ ಎರಡು ಸಂಗತಿ ಸ್ಪಷ್ಟವಾಗಿರಲಿ. ಟಿಬಿ ದಾಖಲೆಗಳಲ್ಲಿ ಎಚ್‌ಐವಿ ಸ್ಥಿತಿ ಇರುತ್ತದೆ, ಎಚ್‌ಐವಿ ಕುರಿತ 2017ರ ಕಾಯ್ದೆಯ ಪ್ರಕಾರ ಅದು ಗೋಪ್ಯ. ನಿಮ್ಮ ಪ್ರಶ್ನೆಗೆ ಅದು ಬೇಡವಾದರೆ ಆ ಕಾಲಮ್ ತೆಗೆಯಲೇ ಬೇಡಿ. ಎರಡನೆಯದು, ಅಧ್ಯಯನದ ನಡುವೆ ಚಿಕಿತ್ಸೆ ಇಲ್ಲದೆ ಉಳಿದವರು ಸಿಕ್ಕರೆ ಏನು ಮಾಡುತ್ತೀರಿ? ಅದೇ ದಿನ ಎಸ್‌ಟಿಎಸ್‌ಗೆ ತಿಳಿಸಲೇಬೇಕು, ವಿಶ್ಲೇಷಣೆ ಮುಗಿಯಲಿ ಎಂದು ಕಾಯುವಂತಿಲ್ಲ. ಲೆಕ್ಕದಲ್ಲಿ ಮಾತ್ರ ನಿಗದಿತ ದಿನಾಂಕದಂದು ಇದ್ದ ಸ್ಥಿತಿಯೇ ಉಳಿಯುತ್ತದೆ. ನಿಮ್ಮ ಫೋನಿನಿಂದ ಶುರುವಾದ ಚಿಕಿತ್ಸೆಯನ್ನು ಕಾರ್ಯಕ್ರಮದ ಸಾಧನೆ ಎಂದು ಎಣಿಸಬೇಡಿ.

## ಹಂತ 6: ರಿಜಿಸ್ಟರ್‌ಗಳನ್ನು ಜೋಡಿಸುವುದು

ಪೂರ್ತಿ ಸಂಗ್ರಹಕ್ಕೆ ಇಳಿಯುವ ಮೊದಲು ಒಂದು ಲ್ಯಾಬ್‌ನ ಇಪ್ಪತ್ತು ಸಾಲುಗಳ ಮೇಲೆ ಫಾರ್ಮ್ ಪ್ರಯೋಗಿಸಿ. ಯಾವ ಕಾಲಮ್ ಖಾಲಿ, ಯಾವುದು ಓದಲಾಗದು ಎಂಬುದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಲ್ಯಾಬ್ ರಿಜಿಸ್ಟರಿನ ವ್ಯಕ್ತಿಯನ್ನು ನಿಕ್ಷಯ್‌ನಲ್ಲಿ ಮತ್ತು ಚಿಕಿತ್ಸಾ ಕಾರ್ಡಿನಲ್ಲಿ ಹುಡುಕುವುದೇ ಇಲ್ಲಿನ ದೊಡ್ಡ ಕೆಲಸ. ನಿಕ್ಷಯ್ ಐಡಿ ಬರೆದಿದ್ದರೆ ಒಂದೇ ನಿಮಿಷ. ಇಲ್ಲದಿದ್ದರೆ ಹೆಸರು, ವಯಸ್ಸು, ಲಿಂಗ, ಊರು, ಫೋನ್. ಹೆಸರೊಂದನ್ನೇ ನಂಬಿದರೆ ಕೆಟ್ಟಿರಿ: ಹುಸೇನಪ್ಪ ಎಂಬ ಒಂದು ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸ್ಪೆಲಿಂಗ್ ಸಿಗುತ್ತದೆ, ಒಂದು ಕಡೆ ಲಕ್ಷ್ಮಿ ಇದ್ದವರು ಇನ್ನೊಂದು ಕಡೆ ಲಕ್ಷ್ಮೀಬಾಯಿ ಆಗಿರುತ್ತಾರೆ, ಒಂದರಲ್ಲಿ ತಂದೆಯ ಹೆಸರಿನ ಇನಿಷಿಯಲ್ ಇದ್ದರೆ ಇನ್ನೊಂದರಲ್ಲಿ ಗಂಡನ ಹೆಸರು. ವಯಸ್ಸಿನಲ್ಲಿ ಎರಡು ಮೂರು ವರ್ಷ ವ್ಯತ್ಯಾಸ ಒಪ್ಪಿಕೊಳ್ಳಿ. ಫೋನ್ ನಂಬರ್ ಹೊಂದಿತೆಂದು ಕೂಡಲೇ ಒಬ್ಬರೇ ಎಂದುಕೊಳ್ಳಬೇಡಿ: ಒಬ್ಬ ಆಶಾ ಕಾರ್ಯಕರ್ತೆಯ ನಂಬರನ್ನೇ ಐದಾರು ರೋಗಿಗಳಿಗೆ ಹಾಕಿರುವುದುಂಟು. ಐದರಲ್ಲಿ ಮೂರು ಹೊಂದಿದರೆ "ಸಿಕ್ಕರು" ಎಂಬಂಥ ಒಂದು ನಿಯಮ ಮಾಡಿಕೊಂಡು, ಅನುಮಾನದವರನ್ನು ಎಸ್‌ಟಿಎಸ್ ಜೊತೆ ಕೂತು ಇತ್ಯರ್ಥ ಮಾಡಿ.

ತಾಲ್ಲೂಕಿನಲ್ಲಿ ಹುಡುಕಿ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಬೇಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಅಲ್ಲಿಯೇ ಚಿಕಿತ್ಸೆ ಶುರುಮಾಡಿರಬಹುದು. ಜಿಲ್ಲೆಯ ಹೊರಗಿನ ದಾಖಲೆ ನೋಡುವ ಅಧಿಕಾರ ಇರುವವರ ಮೂಲಕ ಹುಡುಕಿಸಿ. ಈ ಹೆಜ್ಜೆ ಬಿಟ್ಟವರು ಸೋರಿಕೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತಾರೆ.

ನಮೂದು ಮಾಡುವಾಗ ಎಕ್ಸೆಲ್‌ನ ಮೂರು ಚೇಷ್ಟೆಗಳು ನೆನಪಿರಲಿ. 05/03 ಎಂದು ಬರೆದದ್ದು ಕಂಪ್ಯೂಟರಿನ ಸೆಟ್ಟಿಂಗ್ ನೋಡಿಕೊಂಡು ಮಾರ್ಚ್ 5 ಆಗಬಹುದು, ಮೇ 3 ಆಗಬಹುದು. ಸೊನ್ನೆಯಿಂದ ಶುರುವಾಗುವ ಸಂಖ್ಯೆಯ ಸೊನ್ನೆ ಮಾಯವಾಗುತ್ತದೆ. ಒಂದು ಕಾಲಮ್ ಮಾತ್ರ ಆಯ್ದು ಸಾರ್ಟ್ ಮಾಡಿದರೆ ಒಬ್ಬರ ಹೆಸರಿಗೆ ಇನ್ನೊಬ್ಬರ ಫಲಿತಾಂಶ ಅಂಟಿಕೊಳ್ಳುತ್ತದೆ, ಅದನ್ನು ಆಮೇಲೆ ಕಂಡುಹಿಡಿಯುವ ದಾರಿಯೇ ಇಲ್ಲ. ಎಪಿಡೇಟಾದಲ್ಲಿ ದಿನಾಂಕ, ವಯಸ್ಸಿನ ಮಿತಿಗಳನ್ನು ಮೊದಲೇ ಕಟ್ಟಬಹುದು. ಇಬ್ಬರು ಬೇರೆ ಬೇರೆಯಾಗಿ ನಮೂದಿಸಿ, ಎರಡು ಫೈಲುಗಳನ್ನು ಹೋಲಿಸಿ, ತಾಳೆಯಾಗದ ಸಾಲನ್ನು ಮೂಲ ರಿಜಿಸ್ಟರಿನಲ್ಲಿ ನೋಡಿ ತಿದ್ದಿ. ಎಲ್ಲವನ್ನೂ ಎರಡು ಸಲ ಮಾಡಲು ಆಗದಿದ್ದರೆ ಪತ್ತೆ ದಿನಾಂಕ, ಚಿಕಿತ್ಸೆ ದಿನಾಂಕ, ಅಂತಿಮ ಸ್ಥಿತಿ ಈ ಮೂರನ್ನಾದರೂ ಮಾಡಿ. ಹೆಸರು-ವಿಳಾಸದ ಫೈಲ್ ಬೇರೆ, ವಿಶ್ಲೇಷಣೆಯ ಫೈಲ್ ಬೇರೆ. ನಡುವೆ ಒಂದು ಕ್ರಮಸಂಖ್ಯೆ ಮಾತ್ರ ಕೊಂಡಿ. ಆ ಹೆಸರಿನ ಪಟ್ಟಿ ವಾಟ್ಸಾಪ್ ಗುಂಪಿಗೆ ಹೋಗಬಾರದು.

ಅಪಾಯದ ಗುರುತುಗಳು: ಚಿಕಿತ್ಸೆಯ ದಿನಾಂಕ ಪತ್ತೆ ದಿನಾಂಕಕ್ಕಿಂತ ಹಿಂದಿನದು. ಒಂದು ಕೇಂದ್ರದಲ್ಲಿ ಎಲ್ಲರಿಗೂ ಪತ್ತೆಯಾದ ದಿನವೇ ಚಿಕಿತ್ಸೆ. ಹತ್ತು ರೋಗಿಗಳಿಗೆ ತಿಂಗಳ ಕೊನೆಯ ಒಂದೇ ದಿನಾಂಕ. ಇಂಥವು ಕಂಡರೆ ಅಲ್ಲಿನ ಕಾರ್ಡುಗಳನ್ನು ಕಣ್ಣಾರೆ ನೋಡಿ ಬನ್ನಿ.

## ಹಂತ 7: ಲೆಕ್ಕ

ಮೊದಲು ಜರಡಿ ಕೋಷ್ಟಕ ತುಂಬಿ. ಉದಾಹರಣೆಗೆ ಪತ್ತೆಯಾದವರು 200, ಚಿಕಿತ್ಸೆ ಶುರುವಾಗದವರು 40 ಎಂದುಕೊಳ್ಳಿ. ಶೇ. 20. ಅದರ ಪಕ್ಕದಲ್ಲಿ ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಆಚೀಚೆಯ ಮಿತಿ, ಬರೆಯಿರಿ: ಶೇ. 15ರಿಂದ 26. ಮುಂದಿನ ವರ್ಷ 18 ಬಂದರೆ ಅದು ಸುಧಾರಣೆಯೋ ಬರೀ ಏರಿಳಿತವೋ ಎಂದು ತಿಳಿಯಲು ಈ ವ್ಯಾಪ್ತಿ ಬೇಕು.

ಆಮೇಲೆ ಹೋಲಿಕೆ. ದೊಡ್ಡ ಆಸ್ಪತ್ರೆಯಲ್ಲಿ ಪತ್ತೆಯಾದ 80 ಜನರಲ್ಲಿ 24 ಮಂದಿಗೆ, ಪಿಎಚ್‌ಸಿಗಳಲ್ಲಿ ಪತ್ತೆಯಾದ 120ರಲ್ಲಿ 16 ಮಂದಿಗೆ ಚಿಕಿತ್ಸೆ ಶುರುವಾಗಿಲ್ಲ ಎಂದಿಟ್ಟುಕೊಳ್ಳಿ. ಶೇ. 30 ಮತ್ತು ಶೇ. 13.3, ಅನುಪಾತ 2.25, ವ್ಯಾಪ್ತಿ 1.28ರಿಂದ 3.96. ಅಧಿಕಾರಿಗೆ ಹೇಳಬೇಕಾದ ಮಾತು ಇನ್ನೂ ಸರಳ: ಕಳೆದುಹೋದ 40ರಲ್ಲಿ 24 ಜನ ಒಂದೇ ಕಟ್ಟಡದಿಂದ ಹೊರಗೆ ಹೋದವರು. ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡಲು ಬಳಸುವ ಪಿ ಮೌಲ್ಯ ಹಿಡಿದುಕೊಂಡು ಅವರ ಮುಂದೆ ಕೂರಬೇಡಿ.

ದಿನಗಳ ಲೆಕ್ಕಕ್ಕೆ ಸರಾಸರಿ ಬೇಡ, ಮಧ್ಯಾಂಕ (ಎಲ್ಲ ಅಂಕಿಗಳನ್ನೂ ಸಾಲಾಗಿ ಜೋಡಿಸಿದರೆ ನಡುವೆ ಬರುವುದು) ಇರಲಿ. 150 ದಿನ ತಡವಾದ ಒಬ್ಬರಿದ್ದರೆ ಸರಾಸರಿ ಎಲ್ಲಿಗೋ ಹೋಗುತ್ತದೆ. ಹಲವು ಅಂಶಗಳನ್ನು ಒಟ್ಟಿಗೆ ತೂಗುವ ರಿಗ್ರೆಷನ್ ಮಾಡಲೇಬೇಕೆಂದಿದ್ದರೆ ಪ್ರತಿ ಹತ್ತು ಘಟನೆಗೆ ಒಂದು ಅಂಶ ಎಂಬ ಮಿತಿಯಲ್ಲಿರಿ: 40 ಮಂದಿ ಕಳೆದುಹೋಗಿದ್ದರೆ ನಾಲ್ಕು ಅಂಶ ಸಾಕು, ಹನ್ನೆರಡು ತುರುಕಬೇಡಿ. ಖಾಲಿ ಇರುವ ಮಾಹಿತಿಯನ್ನು "ದಾಖಲಾಗಿಲ್ಲ" ಎಂಬ ಸಾಲಾಗಿ ತೋರಿಸಿ. ಫೋನ್ ನಂಬರ್ ದಾಖಲಾಗದವರೇ ಹೆಚ್ಚು ಕಳೆದುಹೋಗಿದ್ದರೆ ಅದೇ ನಿಮ್ಮ ಉತ್ತರವಾಗಬಹುದು.

ಪಿಎಚ್‌ಸಿವಾರು ರ‍್ಯಾಂಕ್ ಪಟ್ಟಿ ಮಾಡಬೇಡಿ. ಐದು ರೋಗಿಗಳಿರುವ ಪಿಎಚ್‌ಸಿಯಲ್ಲಿ ಇಬ್ಬರು ಸಿಗದಿದ್ದರೆ ಅದು "ಶೇ. 40" ಆಗಿ ಪಟ್ಟಿಯ ತಲೆಗೆ ಏರುತ್ತದೆ, ಮರುವಾರ ಅಲ್ಲಿನ ವೈದ್ಯಾಧಿಕಾರಿಗೆ ಶೋಕಾಸ್ ನೋಟಿಸ್ ಹೋಗುತ್ತದೆ. ಓಆರ್‌ನಿಂದ ಒಂದು ಸಲ ನೋಟಿಸ್ ಹುಟ್ಟಿತೆಂದರೆ ಮುಂದಿನ ವರ್ಷ ತಾಲ್ಲೂಕಿನ ರಿಜಿಸ್ಟರುಗಳೆಲ್ಲ ಫಳಫಳ ಹೊಳೆಯುತ್ತವೆ, ಅವುಗಳಿಂದ ಏನನ್ನೂ ಕಲಿಯಲಾಗುವುದಿಲ್ಲ.

## ಹಂತ 8: "ಏಕೆ" ಎಂದು ಕೇಳಲು ಹೋಗುವುದು

ಎಲ್ಲಿ ಸೋರುತ್ತಿದೆ ಎಂದು ಅಂಕಿ ಹೇಳುತ್ತದೆ. ಏಕೆ ಎಂದು ತಿಳಿಯಲು ಎಂಟರಿಂದ ಹನ್ನೆರಡು ಜನರ ಜೊತೆ ಮಾತಾಡಬೇಕು: ಚಿಕಿತ್ಸೆ ಶುರುಮಾಡದೆ ಉಳಿದವರು ಅಥವಾ ಅವರ ಮನೆಯವರು, ತಡವಾಗಿ ಶುರುಮಾಡಿದವರು, ಲ್ಯಾಬ್ ಟೆಕ್ನಿಷಿಯನ್, ಎಸ್‌ಟಿಎಸ್, ಆಶಾ. ಇದಕ್ಕೆ ಒಪ್ಪಿಗೆ ಪತ್ರ ಬೇಕು, ಹಂತ 5ರ ಅರ್ಜಿಯಲ್ಲೇ ಇದನ್ನು ಸೇರಿಸಿರಬೇಕು.

"ನೀವು ಯಾಕೆ ಚಿಕಿತ್ಸೆಗೆ ಬರಲಿಲ್ಲ?" ಎಂದು ಶುರುಮಾಡಿದರೆ ಮಾತು ಅಲ್ಲೇ ಮುಗಿಯುತ್ತದೆ, ಅದು ಆರೋಪದಂತೆ ಕೇಳಿಸುತ್ತದೆ. "ಕಫ ಕೊಟ್ಟ ದಿನದಿಂದ ಏನೇನಾಯ್ತು ಹೇಳ್ರಿ ಅಣ್ಣಾ, ರಿಪೋರ್ಟ್ ಯಾರು ಹೇಳಿದ್ರು?" ಎಂದು ದಿನದ ಕ್ರಮದಲ್ಲಿ ಕೇಳುತ್ತಾ ಹೋಗಿ. ಫಲಿತಾಂಶವೇ ತಿಳಿದಿರಲಿಲ್ಲ ಎನ್ನುವವರು ಸಿಗುತ್ತಾರೆ. ಚೀಟಿ ಕೊಟ್ಟು "ನಿಮ್ಮೂರಿನ ಆಸ್ಪತ್ರೆಗೆ ಹೋಗಿ" ಎಂದು ಕಳಿಸಲಾಗಿತ್ತು, ಊರಿನ ಆಸ್ಪತ್ರೆಗೆ ಆ ವಿಷಯ ಗೊತ್ತಿರಲಿಲ್ಲ ಎನ್ನುವವರು ಸಿಗುತ್ತಾರೆ. ಊರಿಗೆ ಗೊತ್ತಾಗಬಾರದೆಂದು ತಪ್ಪು ವಿಳಾಸ ಕೊಟ್ಟವರೂ ಇರುತ್ತಾರೆ. ಅವರ ಮನೆ ಮುಂದೆ ಇಲಾಖೆಯ ಜೀಪು ನಿಲ್ಲಿಸಬೇಡಿ. ಇಲ್ಲಿ ಮೇಲಧಿಕಾರಿ ಕೂತು ಸಿಬ್ಬಂದಿಯನ್ನು ಸಂದರ್ಶಿಸಿದರೆ ಎಲ್ಲವೂ ಸರಿಯಾಗಿದೆ ಎಂಬ ಉತ್ತರವೇ ಬರುತ್ತದೆ. ಹೊರಗಿನವರು, ಉದಾಹರಣೆಗೆ ಸಮುದಾಯ ವೈದ್ಯ ವಿಭಾಗದ ಪಿಜಿ ವಿದ್ಯಾರ್ಥಿ, ಕೇಳಲಿ.

## ಹಂತ 9: ಬದಲಿಸಿ, ಮತ್ತೆ ಅಳೆಯಿರಿ

ಇಲ್ಲಿಗೆ ಬಾರದ ಓಆರ್ ಬರೀ ಪ್ರಬಂಧ. ಮೊದಲು ಹಂತ 1ರ ಅಧಿಕಾರಿಯ ಜೊತೆ ಒಂದು ಗಂಟೆ ಕೂತು, ಒಂದೇ ಪುಟದ ಕನ್ನಡ ಟಿಪ್ಪಣಿ ಮುಂದಿಟ್ಟು, ಎರಡು ಬದಲಾವಣೆ ಆರಿಸಿ. ಎರಡೇ. ನಮ್ಮ ಉದಾಹರಣೆಗೆ ಹೊಂದುವಂಥವು: ಕಫ ತೆಗೆದುಕೊಳ್ಳುವಾಗಲೇ ಲ್ಯಾಬ್ ಟೆಕ್ನಿಷಿಯನ್ ಎರಡನೇ ಫೋನ್ ನಂಬರ್ ಮತ್ತು ಮನೆಯ ಗುರುತು ಬರೆದುಕೊಂಡು, ಮೊದಲ ನಂಬರಿಗೆ ಅಲ್ಲೇ ಒಂದು ರಿಂಗ್ ಕೊಟ್ಟು ನೋಡುವುದು, ಪ್ರತಿ ಶನಿವಾರ ಎಸ್‌ಟಿಎಸ್ ಮತ್ತು ಎಸ್‌ಟಿಎಲ್‌ಎಸ್ ಲ್ಯಾಬ್ ರಿಜಿಸ್ಟರನ್ನೂ ನಿಕ್ಷಯ್ ಪಟ್ಟಿಯನ್ನೂ ಎದುರುಬದುರಿಟ್ಟು, ಚಿಕಿತ್ಸೆ ಶುರುವಾಗದವರ ಹೆಸರಿನ ಮುಂದೆ ಯಾರು, ಯಾವ ದಿನ ಹೋಗಿ ಬರುತ್ತಾರೆಂದು ಬರೆಯುವುದು. "ಸಿಬ್ಬಂದಿಗೆ ತರಬೇತಿ ಕೊಡಬೇಕು" ಎಂಬುದನ್ನು ಬದಲಾವಣೆ ಎಂದು ಒಪ್ಪಿಕೊಳ್ಳಬೇಡಿ. ಯಾರು, ಯಾವ ದಿನ, ಯಾವ ಪುಸ್ತಕದಲ್ಲಿ ಎಂದು ಹೇಳಲಾಗದ ಶಿಫಾರಸು ಜಾರಿಯಾಗುವುದಿಲ್ಲ.

ಮರು ಅಳತೆಗೆ ಅದೇ ವ್ಯಾಖ್ಯೆ, ಅದೇ ಜರಡಿ, ವರ್ಷದ ಅದೇ ತಿಂಗಳುಗಳು. ಉತ್ತರ ಕರ್ನಾಟಕದ ಬಹಳ ಕಡೆ ಸಂಕ್ರಾಂತಿ ಕಳೆದ ಮೇಲೆ ಜನ ಗುಳೆ ಹೋಗಿ ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಜನವರಿ-ಜೂನ್ ಅಂಕಿಯನ್ನು ಜುಲೈ-ಡಿಸೆಂಬರ್ ಅಂಕಿಯ ಜೊತೆ ಹೋಲಿಸಿದರೆ ಗುಳೆಯ ಫಲವನ್ನು ನಿಮ್ಮ ಫಲ ಎಂದು ಬರೆದುಕೊಳ್ಳುತ್ತೀರಿ. ಬದಲಾವಣೆ ಮಾಡದ ಪಕ್ಕದ ತಾಲ್ಲೂಕಿನ ಅಂಕಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಬದಲಾವಣೆ ನಿಜಕ್ಕೂ ನಡೆಯಿತೇ ಎಂಬುದನ್ನೂ ಎಣಿಸಿ: ಇಪ್ಪತ್ತಾರು ಶನಿವಾರಗಳಲ್ಲಿ ಎಷ್ಟು ದಿನ ಕೂತರು? ಆರು ದಿನ ಕೂತು ಫಲ ಬರಲಿಲ್ಲವೆಂದರೆ ಆ ಉಪಾಯ ಸೋತಿಲ್ಲ, ಅದನ್ನಿನ್ನೂ ಪ್ರಯೋಗಿಸಿಯೇ ಇಲ್ಲ.

ಪತ್ರಿಕೆಗೆ ಬರೆಯುವುದಾದರೆ ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕು ಎಂದು ಹೇಳುವ ಸ್ಟ್ರೋಬ್‌ನ 22 ಅಂಶಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ, ಎಸ್‌ಟಿಎಸ್ ಹೆಸರನ್ನು ಲೇಖಕರಲ್ಲಿ ಸೇರಿಸಿ. ಚಿಕಿತ್ಸೆ ಶುರುವಾಗದವರ ಶೇಕಡಾವಾರನ್ನು ಪ್ರತಿ ತಿಂಗಳು ಲೆಕ್ಕ ಹಾಕುವ ಹೊಣೆಯನ್ನು ಒಂದು ಹುದ್ದೆಗೆ ಬರಹದಲ್ಲಿ ವಹಿಸಿ, ತಾಲ್ಲೂಕಿನ ಮಾಸಿಕ ಸಭೆಯ ಅಜೆಂಡಾದಲ್ಲಿ ಒಂದು ಕ್ರಮಸಂಖ್ಯೆ ಕೊಡಿಸಿ. ಆದೇಶದಲ್ಲಿ ಇರಬೇಕಾದ್ದು ಹುದ್ದೆಯ ಹೆಸರು, ವ್ಯಕ್ತಿಯ ಹೆಸರಲ್ಲ.